ಮಾಡೆಲ್ ವಿಮಾನಕ್ಕೆ ಮೊದಲ ರಿಮೋಟ್ ಯಾವುದು ತಗೊಳ್ಳಲಿ?

ಪ್ರಶ್ನೆ, ಶ್ರೀರಂಗಪಟ್ಟಣದಿಂದ

ನಮಸ್ಕಾರ. ಮಗ ಒಂಬತ್ತನೇ ಕ್ಲಾಸು. ಇಬ್ಬರೂ ಸೇರಿ ವಿಡಿಯೊ ನೋಡಿಕೊಂಡು ಫೋಮ್ ಶೀಟಿನಲ್ಲಿ ಒಂದು ವಿಮಾನ ಕಟ್ಟಿದ್ದೇವೆ. ರೆಕ್ಕೆ ಈ ತುದಿಯಿಂದ ಆ ತುದಿಗೆ ಒಂದು ಮೀಟರ್. ಮೋಟರ್, ರೆಕ್ಕೆ ಬಾಲದ ಪಟ್ಟಿ ಆಡಿಸುವ ಪುಟ್ಟ ಸರ್ವೊ ಎಲ್ಲ ಬಂದಿವೆ, ರಿಮೋಟ್ ಮಾತ್ರ ಬಾಕಿ. ಒಂದು ಅಂಗಡಿಯಲ್ಲಿ ಆರು ಚಾನೆಲ್ ಸಾಕು ಅಂದರು. ಇನ್ನೊಂದರಲ್ಲಿ ಹದಿನಾರು ಚಾನೆಲ್ಲಿನದೇ ತಗೊಳ್ಳಿ, ಆಮೇಲೆ ಪಶ್ಚಾತ್ತಾಪ ಪಡ್ತೀರ ಅಂದರು. ಬೆಲೆ ನೋಡಿದರೆ ನಾಲ್ಕು ಪಟ್ಟು ಜಾಸ್ತಿ! ನನ್ನ ಕೈಯಲ್ಲಿರುವುದು ಹತ್ತು ಸಾವಿರ. ಮೋಡ್ 1, ಮೋಡ್ 2 ಅಂದರೇನು ಅಂತಲೂ ಗೊತ್ತಿಲ್ಲ. ಹಾರಿಸಿ ಪಳಗಿದವರು ನಿಮ್ಮ ಅನುಭವ ಹೇಳಿ. ಎಲ್ಲಿ ಹಾರಿಸಬಹುದು ಅನ್ನೋದನ್ನೂ ಹೇಳಿದರೆ ಉಪಕಾರ.

ಮೈಸೂರು, ಕುವೆಂಪುನಗರದಿಂದ

ಸರ್, ಅಂಗಡಿಯವರ ಮಾತು ಪಕ್ಕಕ್ಕಿಡಿ. ವಿಮಾನ ಒಡೆಯುತ್ತದೆ, ರಿಮೋಟ್ ಉಳಿಯುತ್ತದೆ. ಹದಿಮೂರು ವರ್ಷದಲ್ಲಿ ನಾನು ಕಟ್ಟಿದ ವಿಮಾನ ಇಪ್ಪತ್ತಮೂರು. ಈಗ ಅಟ್ಟದ ಮೇಲಿರುವುದು ನಾಲ್ಕು, ಅದರಲ್ಲೂ ಒಂದಕ್ಕೆ ಬಾಲ ಇಲ್ಲ. ರಿಮೋಟ್ ಮಾತ್ರ ಇನ್ನೂ ಎರಡನೆಯದು. ಹಾಗಾಗಿ ಈ ವಿಮಾನಕ್ಕೆ ಏನು ಬೇಕು ಅಂತ ಯೋಚಿಸಬೇಡಿ. ಇದಾದ ಮೇಲಿನ ಹತ್ತು ವಿಮಾನಕ್ಕೂ ಅದೇ ರಿಮೋಟ್ ಅಂತ ಇಟ್ಟುಕೊಳ್ಳಿ.

ಚಾನೆಲ್ ಲೆಕ್ಕ ಸುಲಭ. ವಿಮಾನದ ಒಂದೊಂದು ಕೆಲಸಕ್ಕೆ ಒಂದೊಂದು ಚಾನೆಲ್. ಮೋಟರ್ ವೇಗಕ್ಕೆ ಥ್ರಾಟಲ್ ಒಂದು, ಮೂಗು ಮೇಲೆ ಕೆಳಗೆ ಮಾಡಲು ಎಲಿವೇಟರ್ ಒಂದು, ಮೂಗು ಎಡ ಬಲ ತಿರುಗಿಸಲು ರಡ್ಡರ್ ಒಂದು, ರೆಕ್ಕೆ ವಾಲಿಸಲು ಏಲೆರಾನ್ ಒಂದು. ನಾಲ್ಕಾಯಿತು. ಎರಡು ರೆಕ್ಕೆಯ ಏಲೆರಾನ್ ಸರ್ವೊಗಳನ್ನು ಬೇರೆ ಬೇರೆ ಚಾನೆಲ್ಲಿಗೆ ಹಾಕಿದರೆ ಐದು. ನಿಧಾನಕ್ಕೆ ಇಳಿಸಲು ರೆಕ್ಕೆಗೆ ಫ್ಲ್ಯಾಪ್ ಬೇಕು ಅಂದರೆ ಆರು. ನಿಮ್ಮ ಫೋಮ್ ವಿಮಾನಕ್ಕೆ ಇಷ್ಟು ಧಾರಾಳ. ಹದಿನಾರು ಅನ್ನೋ ಸಂಖ್ಯೆ ನೋಡಿ ದುಡ್ಡು ಕೊಡಬೇಡಿ.

ನೋಡಬೇಕಾದದ್ದು ಬೇರೆ ಇದೆ. ರಿಮೋಟಿಗೆ ಪರದೆ ಇದೆಯಾ? ನನ್ನ ಮೊದಲನೆಯದಕ್ಕೆ ಇರಲಿಲ್ಲ. ಏನೇ ಬದಲಾಯಿಸಬೇಕಾದರೂ ಕಂಪ್ಯೂಟರಿಗೆ ಕೇಬಲ್ ಸಿಕ್ಕಿಸಬೇಕು. ಒಂದು ಭಾನುವಾರ ಬೆಳಗ್ಗೆ ಹದಿನೆಂಟು ಕಿಲೋಮೀಟರ್ ಸ್ಕೂಟರ್ ಓಡಿಸಿಕೊಂಡು ಮೈದಾನಕ್ಕೆ ಹೋದೆ. ಕಾಲಿನ ಮಧ್ಯೆ ವಿಮಾನ ಸಿಕ್ಕಿಸಿಕೊಂಡು ಕೂತಿದ್ದ ಗೆಳೆಯ ಬೇರೆ. ಹಾರಿಸುವ ಮುಂಚೆ ಸ್ಟಿಕ್ ಬಲಕ್ಕೆ ತಳ್ಳಿದರೆ ಬಲ ರೆಕ್ಕೆಯ ಏಲೆರಾನ್ ಮೇಲೇಳಬೇಕು, ಅಲ್ವಾ? ಕೆಳಗಿಳಿಯಿತು. ಹಿಂದಿನ ರಾತ್ರಿ ಸರ್ವೊ ಬದಲಿಸಿದ್ದೆ, ತಿರುಗುಮುರುಗು ಆಗಿದೆ. ಪರದೆ ಇರುವ ರಿಮೋಟಿನಲ್ಲಿ ಮೆನುಗೆ ಹೋಗಿ ರಿವರ್ಸ್ ಒತ್ತಿದರೆ ಹತ್ತು ಸೆಕೆಂಡಿನ ಕೆಲಸ. ಲ್ಯಾಪ್‌ಟಾಪ್ ಮನೆಯಲ್ಲಿ. ಇಬ್ಬರೂ ಟೀ ಕುಡಿದು ವಾಪಸ್ ಬಂದೆವು. ಆ ರಿಮೋಟನ್ನು ಅದೇ ತಿಂಗಳು ಯಾರಿಗೋ ಕೊಟ್ಟುಬಿಟ್ಟೆ.

ಎರಡನೆಯದು ಫ್ಲೈಸ್ಕೈ ಎಫ್ಎಸ್-ಐ6. ಪರದೆ ಇದೆ, ಇಪ್ಪತ್ತು ವಿಮಾನಗಳ ಸೆಟ್ಟಿಂಗ್ ನೆನಪಿಟ್ಟುಕೊಳ್ಳುತ್ತದೆ, ನಾಲ್ಕು ಪೆನ್ಸಿಲ್ ಸೆಲ್ಲಿನಲ್ಲಿ ನಡೆಯುತ್ತದೆ. ವಿಮಾನದೊಳಗೆ ಕೂತು ಸಿಗ್ನಲ್ ಹಿಡಿಯುವ ರಿಸೀವರ್ ಜೊತೆಗೇ ಸಿಗುತ್ತದೆ. ನಿಮ್ಮ ಹತ್ತು ಸಾವಿರದಲ್ಲಿ ಇದು ಬಂದು ಎರಡು ಲಿಪೊ ಬ್ಯಾಟರಿಗೂ ದುಡ್ಡು ಉಳಿಯುತ್ತದೆ. ನನ್ನ ವೋಟು ಇದಕ್ಕೆ.

ಮಂಡ್ಯದ ಹತ್ತಿರದ ಹಳ್ಳಿಯಿಂದ

ಯಾವುದಾದರೂ ತಗೊಳ್ಳಿ ಅಣ್ಣ, ಸಿಗ್ನಲ್ ತಪ್ಪಿದರೆ ವಿಮಾನ ಏನು ಮಾಡಬೇಕು ಅಂತ ಹೇಳಿಡುವ ಫೇಲ್‌ಸೇಫ್ ಹಾಕದೆ ಮಾತ್ರ ಹಾರಿಸಬೇಡಿ. ನನ್ನ ಕತೆ ಕೇಳಿ.

ನಮ್ಮೂರ ಸುತ್ತ ಕಬ್ಬು ಬಿಟ್ಟರೆ ಬೇರೆ ಏನಿಲ್ಲ. ಕೊಯ್ಲಾದ ಒಂದು ಗದ್ದೆಯಲ್ಲಿ ನಿಂತು ಹಾರಿಸ್ತಾ ಇದ್ದೆ. ರಿಮೋಟ್ ಕೀಂ ಕೀಂ ಅಂತ ಕೂಗ್ತಿತ್ತು. ಸೆಲ್ ಇಳಿದಿದೆ ಅಂತ ಗೊತ್ತಿದ್ದರೂ ಇನ್ನೊಂದೇ ಸುತ್ತು ಅಂದುಕೊಂಡೆ. ಆರಿಹೋಯಿತು. ಕೈಯಲ್ಲಿ ರಿಮೋಟ್ ಸತ್ತಿದೆ, ಮೇಲೆ ಮೋಟರ್ ಮಾತ್ರ ನಿಲ್ಲಲಿಲ್ಲ. ರಿಸೀವರಿಗೆ ಸಿಗ್ನಲ್ ತಪ್ಪಿದರೆ ಏನು ಮಾಡಬೇಕು ಅಂತ ನಾನು ಹೇಳಿಯೇ ಇರಲಿಲ್ಲ. ಅದು ಕೊನೆಗೆ ಕೇಳಿದ್ದನ್ನೇ ಹಿಡಿದುಕೊಂಡಿತ್ತು. ಅರ್ಧ ಥ್ರಾಟಲ್, ಮೂಗು ನೇರ. ಸುಮ್ನೆ ನೆಟ್ಟಗೆ ನಾಲೆ ದಾಟಿ ಹೋಯಿತು. ಸದ್ದು ಸಣ್ಣಗಾಗುತ್ತಾ ಹೋಗಿ ನಿಂತಿತು.

ಆಳೆತ್ತರದ ಕಬ್ಬು. ಒಳಗೆ ಹೋದರೆ ದಿಕ್ಕೇ ತಿಳಿಯಲ್ಲ. ಮೂರು ಗಂಟೆ ಹುಡುಕಿದೆ. ಗರಿ ಕುಯ್ದು ಕೈಯೆಲ್ಲ ಗೀರು, ಬೆವರು ತಾಗಿ ಉರಿ. ಸಿಗಲಿಲ್ಲ. ಕಬ್ಬು ಕಡಿಯುವ ಹೊತ್ತಿಗೆ ಆಳುಗಳು ತಂದುಕೊಟ್ಟರು. ರೆಕ್ಕೆಯನ್ನು ಇಲಿ ತಿಂದಿತ್ತು, ಲಿಪೊ ಪೂರಿ ತರ ಊದಿತ್ತು. ಅದು ಯಾರ ತಲೆ ಮೇಲೂ ಬೀಳಲಿಲ್ಲ ಅನ್ನೋದೇ ಪುಣ್ಯ.

ಈಗ ಹೀಗೆ ಮಾಡ್ತೀನಿ. ರಿಮೋಟಿನಲ್ಲಿ ಫೇಲ್‌ಸೇಫ್ ಅಂತ ಇರತ್ತೆ. ಅದರಲ್ಲಿ ಥ್ರಾಟಲ್ ಪೂರ್ತಿ ಸೊನ್ನೆ. ಆಮೇಲೆ ಮೂಗಿನ ಫ್ಯಾನು (ಪ್ರೊಪೆಲ್ಲರ್) ಬಿಚ್ಚಿ, ಹೌದು, ಬಿಚ್ಚಿ, ಮೋಟರ್ ಅರ್ಧ ಓಡಿಸಿ ರಿಮೋಟ್ ಆಫ್ ಮಾಡೋದು. ಮೋಟರ್ ನಿಂತರೆ ಸರಿ. ನಿಲ್ಲದಿದ್ದರೆ ಅವತ್ತು ಹಾರಾಟ ಇಲ್ಲ. ಹೊಸ ರಿಸೀವರ್ ಹಾಕಿದಾಗಲೆಲ್ಲ ಮತ್ತೆ ನೋಡಬೇಕು. ಜೊತೆಗೆ ಒಂದು ಸಣ್ಣ ಬಜರ್ ಸಿಕ್ಕಿಸಿಕೊಳ್ಳಿ. ಕಬ್ಬಿನೊಳಗೆ ಬಿದ್ದರೆ ಕಣ್ಣಿಗೆ ಕಾಣಲ್ಲ, ಕಿವಿಗಾದರೂ ಕೇಳತ್ತೆ.

ಮೈಸೂರು, ಸರಸ್ವತಿಪುರಂನಿಂದ

ನಾನು ಹಳಬ. ಎನ್‌ಸಿಸಿ ಏರ್ ವಿಂಗಿನಲ್ಲಿದ್ದಾಗ ಹಿಡಿದ ಹುಚ್ಚು ಇದು. ಆಗ ದಾರ ಕಟ್ಟಿ ಸುತ್ತ ತಿರುಗಿಸುವ ವಿಮಾನ. ರೇಡಿಯೊ ಕೈಗೆ ಬಂದಿದ್ದು ಎಷ್ಟೋ ವರ್ಷದ ಮೇಲೆ. 72 ಮೆಗಾಹರ್ಟ್ಸ್, ಹೊರಗೆ ಎಳೆಯುವ ಉದ್ದನೆಯ ಆಂಟೆನಾ, ಒಳಗೆ ಫ್ರೀಕ್ವೆನ್ಸಿ ಗೊತ್ತುಮಾಡುವ ಕ್ರಿಸ್ಟಲ್. ಒಂದೇ ನಂಬರಿನ ಕ್ರಿಸ್ಟಲ್ ಇದ್ದ ಇಬ್ಬರು ಒಟ್ಟಿಗೆ ಸ್ವಿಚ್ ಹಾಕಿದರೆ ಒಂದು ವಿಮಾನ ನೆಲಕ್ಕೆ. ಅದಕ್ಕೇ ಬಟ್ಟೆ ಕ್ಲಿಪ್ಪಿನ ಮೇಲೆ ನಂಬರ್ ಬರೆದಿಡುತ್ತಿದ್ದೆವು. ಕ್ಲಿಪ್ಪು ಯಾರ ಅಂಗಿ ಮೇಲಿದೆಯೋ ಅವರದ್ದೇ ಸರದಿ. ಈಗಿನ 2.4 ಗಿಗಾಹರ್ಟ್ಸ್ ರಿಮೋಟುಗಳಿಗೆ ಆ ಕಾಟ ಇಲ್ಲ. ಪ್ರತಿ ರಿಸೀವರ್ ತನ್ನ ರಿಮೋಟಿಗೆ ಬೈಂಡ್ ಆಗಿರುತ್ತದೆ, ಅಂದರೆ ಅದರ ಮಾತನ್ನು ಮಾತ್ರ ಕೇಳುತ್ತದೆ. ಹೆಚ್ಚಿನವು ಫ್ರೀಕ್ವೆನ್ಸಿಯಿಂದ ಫ್ರೀಕ್ವೆನ್ಸಿಗೆ ಜಿಗಿಯುತ್ತಲೇ ಇರುತ್ತವೆ.

ಹಳೆಯ ಕ್ರಿಸ್ಟಲ್ ಸೆಟ್ ಸೆಕೆಂಡ್‌ಹ್ಯಾಂಡ್ ಅಗ್ಗಕ್ಕೆ ಸಿಕ್ಕಿತು ಅಂತ ಮಾತ್ರ ಕೊಳ್ಳಬೇಡಿ. ಹೆಸರು ಎಷ್ಟೇ ದೊಡ್ಡದಿರಲಿ. ನನ್ನ ಫುಟಾಬ ರಿಮೋಟ್ ಈಗಲೂ ಷೋಕೇಸಿನಲ್ಲಿದೆ, ನೋಡಲು ಚೆನ್ನಾಗಿದೆ.

ಮೋಡ್ ಬಗ್ಗೆ ಕೇಳಿದ್ದೀರಿ. ಮೋಡ್ 2 ಅಂದರೆ ಎಡಗೈ ಸ್ಟಿಕ್ಕಿನಲ್ಲಿ ಥ್ರಾಟಲ್ ಮತ್ತು ರಡ್ಡರ್, ಬಲಗೈಯಲ್ಲಿ ಎಲಿವೇಟರ್ ಮತ್ತು ಏಲೆರಾನ್. ಮೋಡ್ 1ರಲ್ಲಿ ಥ್ರಾಟಲ್ ಬಲಗೈಗೆ, ಎಲಿವೇಟರ್ ಎಡಗೈಗೆ. ಎರಡರಲ್ಲಿ ಯಾವುದೂ ಮೇಲಲ್ಲ. ನಾನು ಮೋಡ್ 1ರವನು, ಬೇರೆಯವರ ರಿಮೋಟ್ ಕೈಗೆ ಕೊಟ್ಟರೆ ಈಗಲೂ ಬೇಡ ಅನ್ನುತ್ತೇನೆ. ಹತ್ತಿರದಲ್ಲಿ ಕಲಿಸುವವರು ಯಾರಿದ್ದಾರೆ ನೋಡಿ. ಅವರ ಮೋಡ್ ಯಾವುದೋ ಅದೇ ನಿಮ್ಮದು. ಆಗುವುದಾದರೆ ಅವರ ಕಂಪನಿಯದೇ ರಿಮೋಟ್ ತಗೊಳ್ಳಿ. ಟ್ರೈನರ್ ಕೇಬಲ್ಲಿನಲ್ಲಿ ಎರಡು ರಿಮೋಟ್ ಜೋಡಿಸಬಹುದು. ಹುಡುಗ ಹಾರಿಸುತ್ತಿರುತ್ತಾನೆ, ತಪ್ಪಿದ ಕ್ಷಣ ಗುರು ಸ್ವಿಚ್ ಬಿಟ್ಟರೆ ವಿಮಾನ ಅವರ ಕೈಗೆ ಬರುತ್ತದೆ. ಸೈಕಲ್ ಕಲಿಸುವಾಗ ಹಿಂದಿನಿಂದ ಸೀಟು ಹಿಡಿದುಕೊಂಡ ಹಾಗೆ. ಇದು ಯಾವ ಹದಿನಾರು ಚಾನೆಲ್ಲಿಗಿಂತ ದೊಡ್ಡದು.

ಮೈಸೂರು, ಎಂಜಿನಿಯರಿಂಗ್ ವಿದ್ಯಾರ್ಥಿ

ಕುವೆಂಪುನಗರದ ಸರ್ ಹೇಳಿದ್ದಕ್ಕೆ ನಾನು ಪೂರ್ತಿ ಒಪ್ಪಲ್ಲ. ಐ6 ಒಳ್ಳೆಯದೇ, ಆದರೆ ಇವತ್ತು ಹೊಸದಾಗಿ ಶುರು ಮಾಡುವವರು ಇಎಲ್‌ಆರ್‌ಎಸ್ ಕಡೆ ಹೋಗುವುದು ಮೇಲು. ರಿಮೋಟೂ ರಿಸೀವರೂ ಮಾತಾಡುವ ಈ ರೇಡಿಯೊ ಪದ್ಧತಿ ಯಾವುದೋ ಒಂದು ಕಂಪನಿಯ ಸ್ವತ್ತಲ್ಲ, ಓಪನ್ ಸೋರ್ಸ್. ಹಲವು ಕಂಪನಿಗಳು ಇದಕ್ಕೆ ರಿಸೀವರ್ ಮಾಡುತ್ತವೆ. ನಾನು ಬಳಸುವುದು ರೇಡಿಯೊಮಾಸ್ಟರ್ ಪಾಕೆಟ್. ಚಿಕ್ಕದು, ಸ್ಟಿಕ್ ಬಿಚ್ಚಿ ಬ್ಯಾಗಿಗೆ ಹಾಕಬಹುದು. ಗಿಂಬಲ್, ಅಂದರೆ ಸ್ಟಿಕ್ ಕೂರುವ ಬುಡ, ಅಯಸ್ಕಾಂತದಿಂದ ಅಳೆಯುವ ಹಾಲ್ ಸೆನ್ಸರಿನದ್ದು, ಉಜ್ಜಿ ಸವೆಯುವ ಭಾಗ ಇಲ್ಲ.

ಇನ್ನೊಂದು ದೊಡ್ಡ ಅನುಕೂಲ, ಯುಎಸ್‌ಬಿ ಸಿಕ್ಕಿಸಿದರೆ ಕಂಪ್ಯೂಟರಿಗೆ ಅದೇ ಜಾಯ್‌ಸ್ಟಿಕ್. ಪಿಕಾಸಿಮ್ ಅಂತ ಉಚಿತ ಸಿಮ್ಯುಲೇಟರ್ ಇದೆ. ನಾನು ಒಂದು ತಿಂಗಳು ದಿನಾ ಅರ್ಧ ಗಂಟೆ ಅದರಲ್ಲೇ ಬಿದ್ದೆ, ಎದ್ದೆ. ವಿಮಾನ ನಮ್ಮ ಕಡೆಗೆ ಬರುವಾಗ ಎಡ ಬಲ ಅದಲು ಬದಲಾಗತ್ತಲ್ವಾ, ಹೊಸಬರು ಬೀಳಿಸುವುದು ಅಲ್ಲೇ. ಒಂದು ಉಪಾಯ ಹೇಳ್ತೀನಿ: ಯಾವ ರೆಕ್ಕೆ ತಗ್ಗಿದೆಯೋ ಅದರ ಕಡೆಗೆ ಸ್ಟಿಕ್ ತಳ್ಳಿ, ಆ ರೆಕ್ಕೆಗೆ ಊರುಗೋಲು ಕೊಟ್ಟ ಹಾಗೆ. ಇದು ಕೈಗೆ ಹತ್ತುವವರೆಗೆ ಮೈದಾನಕ್ಕೆ ಹೋಗಬೇಡಿ.

ಕೊಳ್ಳುವಾಗ ಎಡವುವ ಜಾಗಗಳೂ ಇವೆ. ಪಾಕೆಟ್ ಎರಡು ಬಗೆಯದು ಬರುತ್ತದೆ. ಸಿಸಿ2500 ಅಂತ ಬೇರೆ ರೇಡಿಯೊ ಚಿಪ್ಪಿನ ಹೆಸರು ಬರೆದಿರುವುದಕ್ಕೆ ಇಎಲ್‌ಆರ್‌ಎಸ್ ರಿಸೀವರ್ ಬೈಂಡ್ ಆಗಲ್ಲ. ರಿಸೀವರಿನಲ್ಲೂ ಅಷ್ಟೇ. ಡ್ರೋನಿಗೆ ಅಂತ ಮಾಡಿದ ಉಗುರಿನಷ್ಟು ಚಿಕ್ಕವಕ್ಕೆ ಸರ್ವೊ ನೇರ ಸಿಕ್ಕಿಸಲು ಪಿನ್ನೇ ಇರಲ್ಲ. ಪಿಡಬ್ಲ್ಯುಎಂ ಔಟ್‌ಪುಟ್ ಇರುವುದನ್ನೇ, ಅಂದರೆ ಸರ್ವೊ ನೇರ ಕೂರುವ ಪಿನ್ನಿನದ್ದನ್ನೇ ಕೇಳಿ. ಒಳಗೆ ಹಾಕುವ ಎರಡು 18650 ಲಿಥಿಯಂ ಸೆಲ್ ಬೇರೆ ಕೊಳ್ಳಬೇಕು. ರಿಮೋಟು, ರಿಸೀವರ್ ಎರಡರ ಫರ್ಮ್‌ವೇರಿನ (ಒಳಗಿನ ಸಾಫ್ಟ್‌ವೇರ್) ಆವೃತ್ತಿಯ ಮೊದಲ ಅಂಕಿ ಒಂದೇ ಇರಬೇಕು, 2ಕ್ಕೂ 3ಕ್ಕೂ ಹೊಂದಲ್ಲ. ನಾನು ಒಂದು ಇಡೀ ರಾತ್ರಿ ಇದಕ್ಕೇ ಕಳೆದೆ. ತಪ್ಪು ರಿಸೀವರಿನದ್ದು ಅಂತ ಬೈದುಕೊಂಡಿದ್ದೇ ಬಂತು. ಇನ್ನು 900 ಮೆಗಾಹರ್ಟ್ಸಿನ ದೂರ ಹೋಗುವ ಇಎಲ್‌ಆರ್‌ಎಸ್ ತಂಟೆಗೆ ಹೋಗಬೇಡಿ. ಅಮೆರಿಕದವರ 915 ನಮ್ಮಲ್ಲಿ ಲೈಸೆನ್ಸ್ ಇಲ್ಲದೆ ಬಳಸುವಂತಿಲ್ಲ, ಇಲ್ಲಿ ಬಿಟ್ಟಿರುವುದು 866ರ ಆಸುಪಾಸು. ಕಣ್ಣಿಗೆ ಕಾಣುವಷ್ಟು ದೂರ ಹಾರಿಸಲು 2.4 ಬೇಕಾದಷ್ಟಾಯಿತು.

ಕುವೆಂಪುನಗರದಿಂದ ಮತ್ತೆ

ತಮ್ಮ ಹೇಳಿದ್ದರಲ್ಲಿ ಸಿಮ್ಯುಲೇಟರ್ ಮಾತು ನೂರಕ್ಕೆ ನೂರು. ಆದರೆ ಫರ್ಮ್‌ವೇರ್ ಅಂತ ರಾತ್ರಿ ಕಳೆಯುವ ಉತ್ಸಾಹ ಎಲ್ಲರಿಗೂ ಇರಲ್ಲಪ್ಪ. ಅಪ್ಪನೋ ಮಗನೋ, ಒಬ್ಬರಿಗೆ ಕಂಪ್ಯೂಟರ್ ಚಟ ಇದ್ದರೆ ಪಾಕೆಟ್. ಪೆಟ್ಟಿಗೆ ಬಿಚ್ಚಿ ಹಾರಿಸಬೇಕು ಅಂದರೆ ಐ6. ಇದಕ್ಕಿಂತ ಜಾಸ್ತಿ ಜಗಳ ಬೇಡ.

ರಿಸೀವರ್ ಆಂಟೆನಾ ಬಗ್ಗೆ ಯಾರೂ ಹೇಳಲಿಲ್ಲ. ಎರಡು ತಂತಿ ಇದ್ದರೆ ಒಂದಕ್ಕೊಂದು ಅಡ್ಡ ಬರುವ ಹಾಗೆ, ಎಲ್ ಆಕಾರದಲ್ಲಿ ಅಂಟಿಸಿ. ತುದಿಯ ಮೂರು ಸೆಂಟಿಮೀಟರ್ ನೇರವಾಗಿರಲಿ, ಅದೇ ನಿಜವಾದ ಆಂಟೆನಾ. ಬ್ಯಾಟರಿಗೆ, ಕಾರ್ಬನ್ ಕಡ್ಡಿಗೆ ತಾಗಿಸಬೇಡಿ. ರಿಮೋಟಿನ ಆಂಟೆನಾ ತುದಿಯನ್ನು ವಿಮಾನದ ಕಡೆಗೆ ಕೋವಿ ತರ ಗುರಿ ಹಿಡಿಯಬೇಡಿ. ತುದಿಯ ದಿಕ್ಕಿಗೇ ಸಿಗ್ನಲ್ ಕಡಿಮೆ.

ಎಲ್ಲಿ ಹಾರಿಸೋದು ಅಂತ ಕೇಳಿದ್ದೀರಿ. 2021ರ ಡ್ರೋನ್ ನಿಯಮ ನಮಗೂ ತಾಗುತ್ತದೆ. ಮನರಂಜನೆಗೆ ಹಾರಿಸುವ ಮಾಡೆಲ್ ಅಂದರೆ ಕಣ್ಣಳತೆಯಲ್ಲೇ ಇರಬೇಕು. ಹಸಿರು ವಲಯದಲ್ಲಿ, ಅಂದರೆ ಅನುಮತಿ ಬೇಡದ ಜಾಗದಲ್ಲಿ, 400 ಅಡಿವರೆಗೆ ಹೋಗಬಹುದು. ವಿಮಾನ ನಿಲ್ದಾಣದ ಗಡಿಯಿಂದ 8ರಿಂದ 12 ಕಿಲೋಮೀಟರ್ ಒಳಗಿದ್ದರೆ 200 ಅಡಿ ಮಾತ್ರ. 8 ಕಿಲೋಮೀಟರಿಗಿಂತ ಹತ್ತಿರ ಅನುಮತಿ ಇಲ್ಲದೆ ಆಗದು. ಮಂಡಕಳ್ಳಿ ನಿಲ್ದಾಣದಿಂದಾಗಿ ನಮ್ಮ ಬಡಾವಣೆಯ ಮೈದಾನ ಈ ಲೆಕ್ಕದಲ್ಲಿ ಹೋಯಿತು, ಅದಕ್ಕೇ ಹದಿನೆಂಟು ಕಿಲೋಮೀಟರ್ ಸ್ಕೂಟರ್. ನೀವು ಶ್ರೀರಂಗಪಟ್ಟಣದವರು, ನಿಲ್ದಾಣ ದೂರ. ಆದರೆ ರಂಗನತಿಟ್ಟು ಪಕ್ಕದಲ್ಲೇ ಇದೆ, ಕೆಆರ್‌ಎಸ್ ಅಣೆಕಟ್ಟೂ ಇದೆ. ಆ ಎರಡರ ಹತ್ತಿರ ಸುಳಿಯಲೇಬೇಡಿ. ಹೊರಡುವ ಮುಂಚೆ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ನಿಮ್ಮ ಜಾಗದ ಬಣ್ಣ ನೋಡಿಕೊಳ್ಳಿ. ಗದ್ದೆಯ ಯಜಮಾನರನ್ನು ಒಂದು ಮಾತು ಕೇಳಿ.

ಆಷಾಢದ ಗಾಳಿಯಲ್ಲಿ ಫೋಮ್ ವಿಮಾನ ಗಾಳಿಪಟ. ಭತ್ತದ ಕೊಯ್ಲು ಮುಗಿದ ಮೇಲಿನ ಬೆಳಗ್ಗೆಗಳು ಚೆನ್ನ. ಒಂಬತ್ತರ ಮೇಲೆ ಬಿಸಿಗಾಳಿ ಏಳತ್ತೆ, ಹದ್ದುಗಳೂ ಏಳತ್ತವೆ. ಹದ್ದು ಹತ್ತಿರ ಬಂದರೆ ನೀವೇ ಇಳಿಸಿಬಿಡಿ, ಆಕಾಶ ಅದರದ್ದು.

ಶ್ರೀರಂಗಪಟ್ಟಣದಿಂದ

ಎಲ್ಲರಿಗೂ ಧನ್ಯವಾದ. ಪಾಕೆಟ್ ತಗೊಂಡೆವು. ಕಾರಣ ಕೇಳಿದರೆ ನಗಬೇಡಿ, ಸಿಮ್ಯುಲೇಟರ್ ಅಂದ ಕೂಡಲೇ ಮಗ ಅನ್ನ ಬಿಟ್ಟ. ಮೂರು ವಾರದಿಂದ ಕಂಪ್ಯೂಟರಿನಲ್ಲೇ ಹಾರಿಸ್ತಿದ್ದಾನೆ, ನಾನು ಬೀಳಿಸ್ತಿದ್ದೇನೆ. ಪಿಡಬ್ಲ್ಯುಎಂ ರಿಸೀವರ್ ಬಂದಿದೆ, ಬೈಂಡ್ ಆಯಿತು. ಫ್ಯಾನು ಬಿಚ್ಚಿ ರಿಮೋಟ್ ಆಫ್ ಮಾಡಿ ನೋಡಿದೆವು. ಮೊದಲ ಸಲ ಮೋಟರ್ ನಿಲ್ಲಲಿಲ್ಲ! ಸೆಟ್ಟಿಂಗ್ ತಿದ್ದಿದ ಮೇಲೆ ನಿಂತಿತು. ಮಂಡ್ಯದ ಅಣ್ಣ ಹೇಳದೇ ಇದ್ದಿದ್ದರೆ ನಮ್ಮದೂ ಕಬ್ಬಿನ ಪಾಲಾಗ್ತಿತ್ತು. ನಮ್ಮದು ಮೋಡ್ 2, ಸರಸ್ವತಿಪುರಂ ಸರ್ ಮೋಡ್ 1 ಆಗಿದ್ದರಿಂದ ಕುವೆಂಪುನಗರದ ಸರ್ ಭಾನುವಾರ ಬಂದು ಮೊದಲ ಹಾರಾಟ ಮಾಡಿಕೊಡ್ತೀನಿ ಅಂದಿದ್ದಾರೆ. ಸರ್, ಏನೇನು ತರಲಿ? ಹಾಟ್ ಗ್ಲೂ ಗನ್ ಇಟ್ಟುಕೊಳ್ಳಲಾ?

ಕುವೆಂಪುನಗರದಿಂದ

ಗದ್ದೆಯಲ್ಲಿ ಕರೆಂಟ್ ಎಲ್ಲಿ ಸಿಗತ್ತೆ ಸರ್. ಅಗಲದ ಟೇಪು, ಐಸ್‌ಕ್ರೀಂ ಕಡ್ಡಿ ನಾಲ್ಕು, ಎರಡು ಹೆಚ್ಚುವರಿ ಫ್ಯಾನು. ಆರೂವರೆಗೆ ಅಲ್ಲಿರಿ. ಟೀ ನಾನು ಫ್ಲಾಸ್ಕಿನಲ್ಲಿ ತರ್ತೀನಿ.