ನಾಲ್ಕು ಕೊಳವೆಬಾವಿ ಕೊರೆಸಿದರೆ ಪಟ್ಟಣಕ್ಕೆ ನೀರು ಸಾಕಾದೀತೇ?

ಪ್ರಶ್ನೆ – ವಾರ್ಡ್ ಸದಸ್ಯೆ, ಶಿವಮೊಗ್ಗ ಜಿಲ್ಲೆ

ನಮ್ಮದು ಮಲೆನಾಡಿನ ಸಣ್ಣ ಪಟ್ಟಣ ಪಂಚಾಯಿತಿ. ಸುಮಾರು ಆರು ಸಾವಿರ ಜನರಿದ್ದಾರೆ. ಹೊಳೆಯಂಚಿನಲ್ಲಿ ಹೊಳೆನೀರು ಬಂದು ಸೇರುವ ಪಂಪ್ ಬಾವಿಯಾದ ಜಾಕ್‌ವೆಲ್‌ನಿಂದ ನೀರೆತ್ತಿ ಓವರ್‌ಹೆಡ್ ಟ್ಯಾಂಕ್ ತುಂಬಿಸುತ್ತೇವೆ. ಶಿವರಾತ್ರಿ ಕಳೆಯುತ್ತಿದ್ದಂತೆ ಹೊಳೆ ಸಣ್ಣದಾಗಿ, ಏಪ್ರಿಲ್‌ನಲ್ಲಿ ಮೂರು ದಿನಕ್ಕೊಮ್ಮೆ ನೀರು ಬಿಡಬೇಕಾಗುತ್ತದೆ. ಈಗ ನಾಲ್ಕು ಕೊಳವೆಬಾವಿ ಕೊರೆಸುವ ಪ್ರಸ್ತಾವ ಸಭೆಯ ಮುಂದಿದ್ದು, ಒಂದೊಂದರಲ್ಲಿ ಎರಡು ಇಂಚು ನೀರು ಸಿಕ್ಕರೆ ಸಾಕೆಂಬ ಮಾತು ಕೇಳಿಬರುತ್ತಿದೆ. ಒಪ್ಪಿಗೆ ಕೊಡುವ ಮೊದಲು ಏನೇನು ವಿಚಾರಿಸಬೇಕೆಂದು ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ – ನಿವೃತ್ತ ಎಂಜಿನಿಯರ್, ಸಾಗರ

ಮೇಡಂ, ಮೊದಲು ಲೆಕ್ಕ ಹಾಕಿಸಿ. ನಲ್ಲಿ ನೀರಿದ್ದು ಒಳಚರಂಡಿ ಇಲ್ಲದ ಪಟ್ಟಣಕ್ಕೆ ದಿನಕ್ಕೆ ತಲಾ 70 ಲೀಟರ್, ಒಳಚರಂಡಿ ಇದ್ದರೆ 135 ಲೀಟರ್ ಎಂಬುದು ಯೋಜನೆ ರೂಪಿಸುವಾಗ ಹಿಡಿಯುತ್ತ ಬಂದ ಮಾನದಂಡ. ಕಡಿಮೆಯದನ್ನೇ ಹಿಡಿದರೂ ನಿಮಗೆ ದಿನಕ್ಕೆ 4.2 ಲಕ್ಷ ಲೀಟರ್ ಬೇಕು. ಹರಿವು ಅಳೆಯಲು ಬಳಸುವ, ಇಂಗ್ಲಿಷಿನ V ಆಕಾರದ ಕಚ್ಚಿರುವ ವಿ-ನಾಚ್ ಹಲಗೆಯಲ್ಲಿ ನೀರು ಎರಡು ಇಂಚು ಎತ್ತರಕ್ಕೆ ಹರಿಯಿತು ಎಂದರೆ ಗಂಟೆಗೆ ಹೆಚ್ಚುಕಡಿಮೆ 2,900 ಲೀಟರ್. ನಾಲ್ಕೂ ಬಾವಿಗಳನ್ನು ದಿನಕ್ಕೆ 12 ಗಂಟೆ ನಡೆಸಿದರೂ ಸಿಗುವುದು 1.4 ಲಕ್ಷ ಲೀಟರ್ ಮಾತ್ರ, ಅಂದರೆ ಮೂರರಲ್ಲೊಂದು ಪಾಲು.

ಅದೂ ಕೊರೆದ ದಿನ ಕಂಡ ನೀರು. ನಮ್ಮ ಕಡೆ ಜಂಬಿಟ್ಟಿಗೆಯ, ಅಂದರೆ ಕೆಂಪು ಮುರಕಲ್ಲಿನ, ಪದರದ ಕೆಳಗಿರುವುದು ಗಟ್ಟಿ ಕಲ್ಲು. ಕೊಳವೆಬಾವಿಗೆ ನೀರು ಬರುವುದು ಆ ಕಲ್ಲಿನ ಬಿರುಕುಗಳಿಂದ. ಬಿರುಕು ಬತ್ತಿದ ಮೇಲೆ ಇನ್ನೂರು ಅಡಿ ಹೆಚ್ಚು ಕೊರೆದರೂ ನೀರು ಹೆಚ್ಚುವ ಭರವಸೆಯಿಲ್ಲ. ಆದ್ದರಿಂದ ಕಂಪ್ರೆಸರ್‌ನಿಂದ ಬಾವಿಗೆ ಗಾಳಿ ಊದಿ, ನೀರು ಚಿಮ್ಮಿಸಿ ತೋರಿಸಿದ ಇಂಚನ್ನು ನೆಚ್ಚದೆ, ಏಪ್ರಿಲ್ ಅಥವಾ ಮೇ ತಿಂಗಳಲ್ಲಿ ಕನಿಷ್ಠ ಒಂದು ಹಗಲು ಒಂದು ರಾತ್ರಿ ಒಂದೇ ಪ್ರಮಾಣದಲ್ಲಿ ಪಂಪ್ ನಡೆಸಿ, ನೀರಿನ ಮಟ್ಟ ಎಷ್ಟು ಇಳಿಯಿತು, ನಿಲ್ಲಿಸಿದ ಮೇಲೆ ಎಷ್ಟು ಹೊತ್ತಿಗೆ ಮೇಲೇರಿತು ಎಂಬುದನ್ನು ಬರೆದಿಡಿಸಿ. ಅದೇ ಹೊತ್ತಿಗೆ ಸುತ್ತಲಿನ ಮನೆಬಾವಿಗಳ ಮಟ್ಟವನ್ನೂ ಅಳೆಸಿ. ಆ ಬಾವಿಗಳು ಬತ್ತಿದರೆ ಈವರೆಗೆ ಪಂಚಾಯಿತಿಯನ್ನು ನೀರು ಕೇಳದಿದ್ದ ಮನೆಗಳೂ ನಲ್ಲಿಗೇ ಬರುತ್ತವೆ, ಬೇಡಿಕೆ ಇನ್ನಷ್ಟು ಏರುತ್ತದೆ. ಅಂದಾಜುಪಟ್ಟಿಯಲ್ಲಿ ಇದಕ್ಕೆ ಜಾಗವೇ ಇರುವುದಿಲ್ಲವೆಂಬುದು ನನಗೆ ಬಹಳ ನೋವಿನ ಸಂಗತಿ.

ಉತ್ತರ – ಅಡಿಕೆ ಬೆಳೆಗಾರ, ಸೊರಬ

ಕೊಳವೆಬಾವಿಯೊಂದೇ ದಾರಿಯೆಂದು ತಿಳಿಯಬೇಡಿ. ಸೊರಬ, ಸಾಗರದ ಸೀಮೆಯಲ್ಲಿ ಕೆರೆಗಳಿಗೆ ಕೊರತೆಯಿಲ್ಲ. ಪಟ್ಟಣಕ್ಕೆ ಸಮೀಪದ ಕೆರೆಯೇರಿಯ ಕೆಳಗೆ, ಬೇಸಿಗೆಯಲ್ಲೂ ತೇವ ಆರದ ಜಾಗ ನೋಡಿ ಅಗಲವಾದ ತೆರೆದ ಬಾವಿ ತೋಡಿಸಿದರೆ, ರಾತ್ರಿಯಿಡೀ ಒಸರಿ ನಿಂತ ನೀರನ್ನು ಬೆಳಿಗ್ಗೆ ಎತ್ತಬಹುದು. ಕೆರೆಯ ಹೂಳೆತ್ತುವ ಕೆಲಸವೂ ಅದೇ ಅಂದಾಜಿನಲ್ಲಿ ಸೇರಲಿ. ಆದರೆ ಬಾವಿ ತೋಡುವ ಆ ಜಾಗ ಗದ್ದೆ, ತೋಟಗಳ ಗೊಬ್ಬರ ಇಳಿಯುವ ತಗ್ಗಾದ್ದರಿಂದ, ಗೊಬ್ಬರದಿಂದ ನೀರಿಗೆ ಸೇರುವ ನೈಟ್ರೇಟ್ ಲವಣದ ಪರೀಕ್ಷೆ ಮಾಡಿಸಲೇಬೇಕು. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 45 ಮಿಲಿಗ್ರಾಂ ದಾಟುವಂತಿಲ್ಲ. ಜಂಬಿಟ್ಟಿಗೆ ನೆಲದ ನೀರಿನಲ್ಲಿ ಕಬ್ಬಿಣದ ಅಂಶವಿರುವುದೂ ಉಂಟು. ಕೊಡದಲ್ಲಿಟ್ಟ ನೀರು ಬೆಳಗಾಗುವಷ್ಟರಲ್ಲಿ ತಳದಲ್ಲಿ ಕೆಂಪು ಗಸಿ ಕಟ್ಟಿದರೆ, ಗಾಳಿಯಾಡಿಸಿ ಮರಳಿನಲ್ಲಿ ಸೋಸುವ ಘಟಕಕ್ಕೂ ಹಣ ಇಡಬೇಕಾಗುತ್ತದೆ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ನಮ್ಮ ಪೈಪುಗಳು ಬಹಳ ಹಳೆಯವು. ಎಷ್ಟು ನೀರು ಸೋರಿಹೋಗುತ್ತಿದೆ ಎಂದು ತಿಳಿಯುವ ಸುಲಭದ ಕ್ರಮವಿದೆಯೇ?

ಉತ್ತರ – ನಿವೃತ್ತ ಎಂಜಿನಿಯರ್, ಸಾಗರ

ಇದೆ. ಮೊದಲೇ ತಿಳಿಸಿ, ಒಂದು ವಾರ್ಡಿನ ನಲ್ಲಿಗಳನ್ನೆಲ್ಲ ರಾತ್ರಿ ಮುಚ್ಚಿಸಿ, ಟ್ಯಾಂಕಿಗೆ ನೀರೇರಿಸುವುದನ್ನು ನಿಲ್ಲಿಸಿ, ಆ ವಾರ್ಡಿನ ವಾಲ್ವ್ ಮಾತ್ರ ತೆರೆಯಿರಿ. ಪೈಪು ತುಂಬಿಕೊಂಡ ಮೇಲೆ ಒಂದು ಗಂಟೆಯಲ್ಲಿ ಟ್ಯಾಂಕಿನ ಮಟ್ಟ ಎಷ್ಟು ಇಳಿಯಿತೋ ಅಷ್ಟೂ ಸೋರಿಕೆ. ಹೊಸ ಬಾವಿಗೆ ಸಹಿ ಹಾಕುವ ಮೊದಲು ಎಲ್ಲ ವಾರ್ಡುಗಳಲ್ಲೂ ಇದನ್ನು ಮಾಡಿಸಿ.

ಇನ್ನೊಂದು ಮಾತು. ನೀರು ಬಾರದ ಕೊಳವೆಬಾವಿಯನ್ನು ಮುಚ್ಚುವ ಹೊಣೆಯನ್ನು ಗುತ್ತಿಗೆಯ ಷರತ್ತಿನಲ್ಲೇ ಬರೆಸಿ. ಮಕ್ಕಳು ಬಿದ್ದು ಸಾಯುವುದನ್ನು ತಡೆಯಲೆಂದು ಸುಪ್ರೀಂ ಕೋರ್ಟ್ 2010ರಲ್ಲಿ ಕೊಟ್ಟ ನಿರ್ದೇಶನದಂತೆ, ಅಂಥ ಬಾವಿಯನ್ನು ತಳದಿಂದ ನೆಲಮಟ್ಟದವರೆಗೆ ಮಣ್ಣು, ಮರಳು, ಕಲ್ಲು ತುಂಬಿ ಮುಚ್ಚಬೇಕು; ಬಾಯಿಗೆ ಗೋಣಿಚೀಲ ಕಟ್ಟಿ ಹೋಗಲು ಬಿಡಬೇಡಿ.