ಮೈಸೂರಲ್ಲಿ ಒಂದು ವಾರ, ಕೈಯಲ್ಲಿ 400 ರೂಪಾಯಿ: ಯಾವ ಸಿನಿಮಾ, ಯಾವ ನಾಟಕ?

ಬಾದಾಮಿ ಹುಡುಗಿ

ಎಲ್ಲರಿಗೂ ನಮಸ್ಕಾರ. ನಾನು ಮಾನಸಗಂಗೋತ್ರಿಯಲ್ಲಿ ಎಂ.ಎ. ಮೊದಲ ವರ್ಷ ಓದುತ್ತಿದ್ದೇನೆ. ಬಾದಾಮಿ ಹತ್ತಿರದ ಹಳ್ಳಿಯಿಂದ ಬಂದು ಎರಡು ತಿಂಗಳಾಯಿತು.

ನಮ್ಮ ಕಡೆ ನಾಟಕ ಅಂದರೆ ಬನಶಂಕರಿ ಜಾತ್ರೆ. ಬನದ ಹುಣ್ಣಿಮೆಗೆ ತೇರು ಎಳೆದ ಮೇಲೆ ಕಂಪನಿಗಳ ಟೆಂಟುಗಳು ಸಾಲಾಗಿ ನಿಂತಿರುತ್ತವೆ, ರಾತ್ರಿಯೆಲ್ಲ ಆಟದ ಮೇಲೆ ಆಟ. ಚಿಕ್ಕವಳಿದ್ದಾಗ ಅಜ್ಜಿಯ ಜೊತೆ ಕೌದಿ ಹೊದ್ದುಕೊಂಡು ಕೂತು ನೋಡಿದ್ದೇನೆ. ನಸುಕಿನಲ್ಲಿ ಚಹಾ ಕುಡಿದು ಟಂಟಂ ಹತ್ತಿ ಊರಿಗೆ ಹೋಗುತ್ತಿದ್ದೆವು. ಇಲ್ಲಿ ಬಂದ ಮೇಲೆ ಒಂದೂ ನಾಟಕ ನೋಡಿಲ್ಲ. ಗೆಳತಿಯರ ಜೊತೆ ಒಂದು ಸಲ ಒಂದು ಮಾಲ್‌ಗೆ ಸಿನಿಮಾಕ್ಕೆ ಹೋಗಿದ್ದೆ. ಟಿಕೆಟ್ಟು, ಪಾಪ್‌ಕಾರ್ನ್, ಆಟೋ ಸೇರಿ 520 ರೂಪಾಯಿ ಹೋಯಿತು. ಆ ತಿಂಗಳು ಜೆರಾಕ್ಸ್ ಮಾಡಿಸಲು ರೂಮಿನವಳ ಹತ್ತಿರ ಸಾಲ ಕೇಳಬೇಕಾಯಿತು.

ಬರುವ ಶುಕ್ರವಾರದಿಂದ ಒಂದು ವಾರ ಕ್ಲಾಸ್ ಇಲ್ಲ. ಊರಿಗೂ ಹೋಗುತ್ತಿಲ್ಲ. ಕೈಯಲ್ಲಿ 400 ರೂಪಾಯಿ ಇದೆ. ಏನು ನೋಡಲಿ? ಎಲ್ಲಿ ಏನು ನಡೆಯುತ್ತಿದೆ ಅಂತ ಗೊತ್ತಾಗುವುದು ಹೇಗೆ? ಇನ್ನೊಂದು, ಹಾಸ್ಟೆಲ್ ಗೇಟು ರಾತ್ರಿ 8.30ಕ್ಕೆ ಹಾಕುತ್ತಾರೆ. ಒಂದು ದಿನ ಹತ್ತು ನಿಮಿಷ ತಡವಾಗಿ ಬಂದಿದ್ದಕ್ಕೆ ಎಲ್ಲರ ಎದುರು ನಿಲ್ಲಿಸಿ ಬೈದರು. ಅದಕ್ಕೇ ಹೆದರಿಕೆ.

ಹಳೇ ಆಪರೇಟರ್

ನೋಡಮ್ಮ, ನಾನು ಮೈಸೂರಿನ ಒಂದು ಟಾಕೀಸಿನಲ್ಲಿ 27 ವರ್ಷ ಪ್ರೊಜೆಕ್ಟರ್ ಓಡಿಸಿದವನು. ಆ ಟಾಕೀಸ್ ಈಗಿಲ್ಲ. ನಿನ್ನ ಪ್ರಶ್ನೆ ಓದಿ ತುಂಬ ಖುಷಿಯಾಯಿತು. ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಮೊದಲು ವಾರ ಹೇಗೆ ನಡೆಯುತ್ತದೆ ಅಂತ ತಿಳಿದುಕೋ. ಸಿನಿಮಾದವರಿಗೆ ವಾರ ಶುರುವಾಗುವುದು ಶುಕ್ರವಾರ. ಗುರುವಾರ ರಾತ್ರಿ ಕೊನೆಯ ಆಟ ಮುಗಿದ ಮೇಲೆ ಹಳೇ ಪೋಸ್ಟರ್ ಮೇಲೆ ಹೊಸದು ಅಂಟಿಸುತ್ತಾರೆ. ದೊಡ್ಡ ಹೀರೋ ಸಿನಿಮಾ ಆದರೆ ಎರಡು ಮೂರು ವಾರ ಇರುತ್ತದೆ, ಅದಕ್ಕೆ ಅವಸರ ಬೇಡ. ಹೊಸಬರು ಮಾಡಿದ ಸಣ್ಣ ಕನ್ನಡ ಸಿನಿಮಾ ಹಾಗಲ್ಲ. ಅದಕ್ಕೆ ದಿನಕ್ಕೆ ಒಂದೋ ಎರಡೋ ಆಟ ಕೊಡುತ್ತಾರೆ, ಅದೂ ಜನ ಬಾರದ ಹೊತ್ತಿನಲ್ಲಿ. ಭಾನುವಾರದವರೆಗಿನ ಕಲೆಕ್ಷನ್ ನೋಡುತ್ತಾರೆ. ಸೋಮವಾರಕ್ಕೆ ಆಟ ಕಡಿಮೆಯಾಗುತ್ತದೆ, ಗುರುವಾರಕ್ಕೆ ಸಿನಿಮಾನೇ ಇರುವುದಿಲ್ಲ. ‘ಚೆನ್ನಾಗಿದೆಯಂತೆ, ಮುಂದಿನ ವಾರ ನೋಡೋಣ’ ಅಂದವರು ಬಂದು ಗೇಟಿನಲ್ಲಿ ನಿಂತು ವಾಪಸ್ ಹೋದದ್ದನ್ನು ನಾನು ಎಷ್ಟು ಸಲ ನೋಡಿದ್ದೇನೋ. ಅದಕ್ಕೇ ಹೇಳುವುದು: ಯಾವುದು ಬೇಗ ಹೋಗಿಬಿಡುತ್ತದೋ ಅದನ್ನು ಮೊದಲು ನೋಡು. ಶುಕ್ರವಾರ ಮಧ್ಯಾಹ್ನ ಸಣ್ಣ ಕನ್ನಡ ಸಿನಿಮಾ. ಗೇಟಿನ ಚಿಂತೆಯೂ ಇಲ್ಲ.

ಆದಷ್ಟು ಒಂಟಿ ಪರದೆಯ ಟಾಕೀಸಿಗೆ ಹೋಗು. ಸಂಗಂ, ವುಡ್‌ಲ್ಯಾಂಡ್ಸ್, ಗಾಯತ್ರಿ ಇವೆಲ್ಲ ಮೈಸೂರಿನವರ ಬಾಯಲ್ಲಿ ಬಸ್ ಸ್ಟಾಪಿನ ಹೆಸರಿನ ಹಾಗೆ ಬರುತ್ತವೆ. ಶಾಂತಲಾ ಕೂಡ ಹಾಗೇ ಇತ್ತು, 2020ರಲ್ಲಿ ಮುಚ್ಚಿತು. ಹೊರಡುವ ಮುಂಚೆ ಆಟ ಇದೆಯಾ ಅಂತ ಫೋನಿನಲ್ಲಿ ನೋಡಿಕೋ.

ಒಳಗೆ ಕೂತ ಮೇಲೆ ಒಂದು ಸಲ ಹಿಂದೆ ತಿರುಗಿ ಮೇಲೆ ನೋಡು. ಗೋಡೆಯಲ್ಲಿ ಸಣ್ಣ ಕಿಂಡಿಗಳು ಕಾಣುತ್ತವೆ. ನನ್ನ ಜೀವನ ಆ ಕಿಂಡಿಯ ಹಿಂದೆ ಕಳೆಯಿತು. ಆಗ ಎರಡು ಪ್ರೊಜೆಕ್ಟರ್ ಇರುತ್ತಿದ್ದವು. ಒಂದರಲ್ಲಿ ರೀಲು ಮುಗಿಯುತ್ತಾ ಬಂದಾಗ ಪರದೆಯ ಬಲಗಡೆ ಮೇಲಿನ ಮೂಲೆಯಲ್ಲಿ ಒಂದು ಚುಕ್ಕೆ ಮಿಂಚುತ್ತಿತ್ತು. ಅದನ್ನು ನೋಡಿದ ತಕ್ಷಣ ಎರಡನೇ ಪ್ರೊಜೆಕ್ಟರಿನ ಮೋಟಾರ್ ಹಾಕಬೇಕು. ಏಳೆಂಟು ಸೆಕೆಂಡಿಗೆ ಇನ್ನೊಂದು ಚುಕ್ಕೆ. ಆಗ ಇದನ್ನು ಮುಚ್ಚಿ ಅದನ್ನು ತೆರೆಯಬೇಕು. ಅಷ್ಟು ಹೊತ್ತಿಗೆ ಪ್ರೊಜೆಕ್ಟರಿಗೆ ಬೆಳಕು ಕೊಡುವ ಕಾರ್ಬನ್ ಕಡ್ಡಿ ಸರಿಯಾಗಿ ಉರಿಯುತ್ತಿರಬೇಕು, ಇಲ್ಲದಿದ್ದರೆ ಪರದೆ ಹಳದಿಯಾಗುತ್ತದೆ, ಕೆಳಗಿನಿಂದ ಶಿಳ್ಳೆ ಬರುತ್ತದೆ. ರೀಲು ಬದಲಾಗಿದ್ದು ಜನಕ್ಕೆ ಗೊತ್ತೇ ಆಗಬಾರದು, ಅದೇ ನಮ್ಮ ಕೆಲಸ. ಈಗ ಎಲ್ಲ ಡಿಜಿಟಲ್, ಚುಕ್ಕೆ ಬರುವುದಿಲ್ಲ. ಆದರೂ ಆ ಕಿಂಡಿಯಿಂದ ಬೆಳಕು ಹೊರಡುವುದನ್ನು ನೋಡುವುದೇ ಒಂದು ಸಂತೋಷ.

ಇನ್ನು ನಾಟಕ. ವಾರವೆಲ್ಲ ಸಿನಿಮಾ ತೋರಿಸಿದವನು ನಾನು, ಡ್ಯೂಟಿ ಬದಲಾಯಿಸಿಕೊಂಡು ಭಾನುವಾರ ಸಂಜೆ ರಂಗಾಯಣಕ್ಕೆ ಹೋಗುತ್ತಿದ್ದೆ. ನಾಟಕದ ಬಿ.ವಿ. ಕಾರಂತರು 1989ರಲ್ಲಿ ಅದನ್ನು ಶುರು ಮಾಡಿದಾಗ ನಾನು ಹುಡುಗ. ಹುಣಸೂರು ರಸ್ತೆಯ ಕಲಾಮಂದಿರದ ಆವರಣದಲ್ಲೇ ಇದೆ. ಒಳಗಿನ ಸಣ್ಣ ರಂಗಮಂದಿರ ಭೂಮಿಗೀತ, ಬಯಲಲ್ಲಿ ಇರುವುದು ವನರಂಗ. ಭೂಮಿಗೀತದಲ್ಲಿ ಮುಂದೆ ಕೂತರೆ ನಟರು ಉಸಿರು ಎಳೆದುಕೊಳ್ಳುವುದು ಕೇಳಿಸುತ್ತದೆ. ನೀನು ಜಾತ್ರೆಯಲ್ಲಿ ರಾತ್ರಿಯಿಡೀ ನಾಟಕ ನೋಡಿದವಳು, ಅದಕ್ಕೇ ಇದನ್ನು ಹೇಳುತ್ತೇನೆ. 2010ರಲ್ಲಿ ಇದೇ ಆವರಣದಲ್ಲಿ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯನ್ನು ರಾತ್ರಿಯಿಡೀ ಆಡಿದರು. ಸಿ. ಬಸವಲಿಂಗಯ್ಯನವರ ನಿರ್ದೇಶನ. ಒಂದು ರಂಗದಲ್ಲಿ ಮುಗಿದರೆ ಎದ್ದು ಇನ್ನೊಂದಕ್ಕೆ ಹೋಗಬೇಕು. ನನ್ನ ಹೆಂಡತಿ ಚಾಪೆ ಹೊತ್ತಳು, ನಾನು ಶಾಲು ಮತ್ತು ಫ್ಲಾಸ್ಕ್ ಹೊತ್ತೆ. ಮರಗಳ ಮೇಲೆ ಬೆಳಕು ಹರಿಯುವಾಗ ಕೊನೆಯ ದೃಶ್ಯ. ಮನೆಗೆ ಬಂದರೂ ನಿದ್ದೆ ಹತ್ತಲಿಲ್ಲ.

ಸರಸ್ವತಿಪುರಂ ಅಕ್ಕ

ಅಂಕಲ್ ಬರೆದದ್ದನ್ನು ಎರಡು ಸಲ ಓದಿದೆ. ನಾನು ನಿನ್ನ ಹೆದರಿಕೆಯ ಬಗ್ಗೆ ಹೇಳುತ್ತೇನೆ, ಯಾಕೆಂದರೆ ನಾನೂ ಹಾಸ್ಟೆಲಿನಲ್ಲಿ ಇದ್ದು ಓದಿದವಳು.

ಭಾನುವಾರದ ನಾಟಕ ಸಾಮಾನ್ಯವಾಗಿ ಸಂಜೆ 6.30ಕ್ಕೆ. ಒಂದೂವರೆ ಗಂಟೆಯ ನಾಟಕವಾದರೆ ಎಂಟಕ್ಕೆ ಹೊರಗೆ ಬರುತ್ತೀಯ. ಎರಡು ಗಂಟೆ ದಾಟಿದರೆ ಕಷ್ಟ. ಟಿಕೆಟ್ ತೆಗೆದುಕೊಳ್ಳುವಾಗಲೇ ಎಷ್ಟು ಹೊತ್ತಿನ ನಾಟಕ ಅಂತ ಕೇಳು. ಶುಕ್ರವಾರವೇ ವಾರ್ಡನ್ ಅವರಿಗೆ ಒಂದು ಚೀಟಿ ಬರೆದುಕೊಡು: ನಾಟಕ, ಜಾಗ, ವಾಪಸ್ ಬರುವ ಹೊತ್ತು, ಜೊತೆಗೆ ಯಾರಿದ್ದಾರೆ. ಕರಪತ್ರ ಸಿಕ್ಕರೆ ಅದನ್ನೂ ಪಿನ್ ಮಾಡು. ಬಾಯಲ್ಲಿ ಕೇಳಿದರೆ ಬೇಡ ಅನ್ನುವವರು ಕಾಗದ ನೋಡಿದರೆ ಸಹಿ ಹಾಕುತ್ತಾರೆ. ಇಬ್ಬರು ಮೂವರು ಒಟ್ಟಿಗೆ ಕೊಟ್ಟರೆ ಇನ್ನೂ ಒಳ್ಳೆಯದು.

ಹೋಗುವಾಗ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ನಡೆದುಕೊಂಡು ಹೋಗು. ಸಂಜೆ ಹೆಜ್ಜಾರ್ಲೆಗಳು ಮರಕ್ಕೆ ಮರಳುವ ಹೊತ್ತು, ನಾಟಕಕ್ಕೆ ಮುಂಚೆ ಅದೊಂದು ನಾಟಕ. ಬರುವಾಗ ಕೆರೆ ದಾರಿ ಬೇಡ, ಹುಣಸೂರು ರಸ್ತೆಯಲ್ಲಿ ಬಸ್ ಹತ್ತು. 2023ರ ಜೂನ್‌ನಿಂದ ಶಕ್ತಿ ಯೋಜನೆ ಇದೆಯಲ್ಲ, ಹೆಣ್ಣುಮಕ್ಕಳಿಗೆ ಸಿಟಿ ಬಸ್ ಉಚಿತ. ಆಧಾರ್ ಕಾರ್ಡ್ ಮರೆಯಬೇಡ.

ಎಲ್ಲಿ ಏನಿದೆ ಅಂತ ತಿಳಿಯಲು ಲೈಬ್ರರಿಯಲ್ಲಿ ‘ಆಂದೋಲನ’ ಮತ್ತು ‘ಮೈಸೂರು ಮಿತ್ರ’ ತೆಗೆದು ನಗರದ ಕಾರ್ಯಕ್ರಮಗಳ ಪಟ್ಟಿ ನೋಡು. ಎಷ್ಟೋ ನಾಟಕಗಳು ಆ್ಯಪ್‌ನಲ್ಲಿ ಬರುವುದೇ ಇಲ್ಲ, ಪೇಪರಿನಲ್ಲಿ ಎರಡು ಸಾಲಿನಲ್ಲಿ ಇರುತ್ತವೆ. ಗಂಗೋತ್ರಿಯ ಲಲಿತಕಲಾ ಕಾಲೇಜಿನ ನೋಟಿಸ್ ಬೋರ್ಡ್ ಕೂಡ ನೋಡುತ್ತಿರು.

ಮಾಲ್ ವಿಷಯ: 2025ರ ಸೆಪ್ಟೆಂಬರಿನಲ್ಲಿ ಸರ್ಕಾರ ಟಿಕೆಟ್ಟಿಗೆ 200 ರೂಪಾಯಿ ಮಿತಿ ಹಾಕಿತ್ತು. ಅದೇ ತಿಂಗಳು ಹೈಕೋರ್ಟ್ ತಡೆ ಕೊಟ್ಟಿತು. ಮಾಲ್‌ಗೇ ಹೋಗಬೇಕು ಅನ್ನಿಸಿದರೆ ವಾರದ ಮಧ್ಯೆ ಬೆಳಗಿನ ಆಟಕ್ಕೆ ಹೋಗು. ಜಯಲಕ್ಷ್ಮೀಪುರಂನ ಹ್ಯಾಬಿಟ್ಯಾಟ್ ಮಾಲ್‌ನಲ್ಲಿ ಇರುವ ಡಿಆರ್‌ಸಿ ಮಲ್ಟಿಪ್ಲೆಕ್ಸ್ ನಿನಗೆ ಹತ್ತಿರ.

ಲೈಟ್ಸ್ ಹುಡುಗ

ನಾನು ಒಂದು ಹವ್ಯಾಸಿ ತಂಡದಲ್ಲಿ ಲೈಟಿಂಗ್ ಮಾಡುತ್ತೇನೆ. ಹಗಲು ಬೇರೆ ಕೆಲಸ. ಅಂಕಲ್ ಹೇಳಿದ ಮಾತು ನಿಜ, ಆದರೆ ಒಂದು ತಕರಾರು ಇದೆ. ಬೇಗ ಹೋಗಿಬಿಡುವುದನ್ನು ಮೊದಲು ನೋಡಬೇಕು ಅಂದರೆ, ಮೊದಲು ನೋಡಬೇಕಾದ್ದು ನಮ್ಮಂಥವರ ನಾಟಕ. ಸಣ್ಣ ಸಿನಿಮಾ ಮೂರು ದಿನವಾದರೂ ಇರುತ್ತದೆ, ಆಮೇಲೆ ಫೋನಿನಲ್ಲಿ ಸಿಗಬಹುದು. ನಾವು ಎರಡು ತಿಂಗಳು ರಿಹರ್ಸಲ್ ಮಾಡಿ ಕಿರುರಂಗಮಂದಿರದಲ್ಲಿ ಒಂದೇ ಒಂದು ಸಂಜೆ ಆಡುತ್ತೇವೆ. ಇನ್ನೊಂದು ಪ್ರದರ್ಶನಕ್ಕೆ ಹಾಲ್ ಬಾಡಿಗೆ, ಮೇಕಪ್ಪು, ಸೆಟ್ ಸಾಗಿಸುವ ಗಾಡಿ ಎಲ್ಲ ಮತ್ತೆ ಹೊಂದಿಸಬೇಕು. ಆ ಸಂಜೆ ತಪ್ಪಿದರೆ ತಪ್ಪಿತು.

ಕಿರುರಂಗಮಂದಿರ ಕೂಡ ಕಲಾಮಂದಿರದ ಆವರಣದಲ್ಲೇ ಇದೆ. ವಾರದ ಮಧ್ಯೆಯೂ ನಾಟಕ ಇರುತ್ತದೆ. ಕೆಲವಕ್ಕೆ ಟಿಕೆಟ್ಟೇ ಇಲ್ಲ, ಇದ್ದರೂ 50, 100 ರೂಪಾಯಿ. ರಾಮಕೃಷ್ಣನಗರಕ್ಕೂ ಒಂದು ದಿನ ಹೋಗಿ. ಅಲ್ಲಿ ಮಂಡ್ಯ ರಮೇಶ್ ಅವರ ನಟನ ರಂಗಶಾಲೆ ಇದೆ, ರಮಾಗೋವಿಂದ ರಂಗಮಂದಿರವೂ ಇದೆ.

ಬಹುರೂಪಿ ಬಗ್ಗೆ ಯಾರೂ ಹೇಳಲಿಲ್ಲ. ರಂಗಾಯಣ 2001ರಿಂದ ನಡೆಸುವ ನಾಟಕೋತ್ಸವ. ಬೇರೆ ರಾಜ್ಯಗಳ ತಂಡಗಳು ಬರುತ್ತವೆ, ಜೊತೆಗೆ ಚಲನಚಿತ್ರೋತ್ಸವವೂ ಇರುತ್ತದೆ. ಬೆಳಿಗ್ಗೆ ಸಿನಿಮಾ, ಸಂಜೆ ನಾಟಕ, ನಡುವೆ ಪುಸ್ತಕದ ಮಳಿಗೆ. ಆ ವಾರಕ್ಕೆ ಈಗಿನಿಂದಲೇ ದುಡ್ಡು ಎತ್ತಿಡಿ.

ಹಳೇ ಆಪರೇಟರ್

ಲೈಟ್ಸ್ ಹುಡುಗ ಹೇಳಿದ್ದು ಸರಿ. ಒಪ್ಪಿದೆ. ನಾನು ಟಾಕೀಸಿನ ಕಡೆಯಿಂದ ಯೋಚಿಸಿದೆ, ಅಷ್ಟೇ. ಒಂದೇ ಸಂಜೆಯ ನಾಟಕ ಮೊದಲು, ಆಮೇಲೆ ಸಣ್ಣ ಸಿನಿಮಾ, ಆಮೇಲೆ ಉಳಿದದ್ದು. ಮಗಳೇ, ನೋಡಿ ಬಂದ ಮೇಲೆ ಇಲ್ಲಿ ಬರೆಯಬೇಕು. ಕಾಯುತ್ತಿರುತ್ತೇನೆ.

ಬಾದಾಮಿ ಹುಡುಗಿ

ಅಂಕಲ್, ಅಕ್ಕ, ಅಣ್ಣಾ, ಮೂರು ನೋಡಿದೆ! ಬರೆಯಲು ಎರಡು ದಿನ ತಡವಾಯಿತು.

ಶುಕ್ರವಾರ ಮಧ್ಯಾಹ್ನದ ಸಿನಿಮಾಕ್ಕೆ ಒಬ್ಬಳೇ ಹೋದೆ. 120 ರೂಪಾಯಿ. ಅಷ್ಟು ದೊಡ್ಡ ಟಾಕೀಸಿನಲ್ಲಿ ನಾವು ಹದಿನಾಲ್ಕು ಜನ. ನನ್ನ ಮುಂದಿನ ಸಾಲಿನಲ್ಲಿ ಒಬ್ಬ ಅಜ್ಜ ಬುತ್ತಿ ಬಿಚ್ಚಿ ಊಟ ಮಾಡಿ ಆಮೇಲೆ ಸಿನಿಮಾ ನೋಡಿದರು. ಸಿನಿಮಾ ನನಗೆ ಇಷ್ಟವಾಯಿತು. ಮಧ್ಯೆ ಸ್ವಲ್ಪ ಎಳೆದಿದ್ದಾರೆ, ಆದರೆ ತಾಯಿಯ ಪಾತ್ರ ಮಾಡಿದವರು ರೊಟ್ಟಿ ಬಡಿಯುವಾಗ ನಿಜವಾಗಿ ರೊಟ್ಟಿ ಬಡಿಯುವವರ ಕೈ ಅದು. ಇಂಟರ್ವಲ್ ಆದ ಮೇಲೆ ಹಿಂದೆ ತಿರುಗಿ ಕಿಂಡಿ ನೋಡಿದೆ, ಅಂಕಲ್. ಬೆಳಕಿನಲ್ಲಿ ಧೂಳು ಹಾರುತ್ತಿತ್ತು. ಮೇಲೆ ಯಾರೋ ನಡೆದಾಡಿದ ನೆರಳು ಒಂದು ಕ್ಷಣ ಕಂಡಿತು. ಸೋಮವಾರ ಫೋನಿನಲ್ಲಿ ನೋಡಿದರೆ ಆ ಸಿನಿಮಾಕ್ಕೆ ಒಂದೇ ಆಟ ಉಳಿದಿತ್ತು.

ಶನಿವಾರ ಕಿರುರಂಗಮಂದಿರ, 50 ರೂಪಾಯಿ. ಕಾಲೇಜು ಹುಡುಗರ ತಂಡ. ಒಬ್ಬ ಹುಡುಗ ಮಾತು ಮರೆತ. ಎದುರಿಗಿದ್ದ ಹುಡುಗಿ ತನ್ನ ಮಾತಿನ ಒಳಗೇ ಅವನ ಮಾತನ್ನೂ ಸೇರಿಸಿ ಹೇಳಿ ದಾಟಿಸಿದಳು. ನಮ್ಮ ಜಾತ್ರೆಯಲ್ಲಿ ಹಾರ್ಮೋನಿಯಂ ಮಾಸ್ತರ್ ಹೀಗೇ ಕಾಪಾಡುತ್ತಿದ್ದರು.

ಭಾನುವಾರ ನಾವು ನಾಲ್ವರು. ಅಕ್ಕ ಹೇಳಿದ ಹಾಗೆ ಚೀಟಿ ಬರೆದುಕೊಟ್ಟೆವು. ವಾರ್ಡನ್ ಎರಡು ಸಲ ಓದಿ, ಒಂಬತ್ತರವರೆಗೆ ಅಂತ ಬರೆದು ಸಹಿ ಹಾಕಿದರು. ಭೂಮಿಗೀತದಲ್ಲಿ ಎರಡನೇ ಸಾಲು ಸಿಕ್ಕಿತು. ದೃಶ್ಯ ಬದಲಾಗಲು ಲೈಟ್ ಆರಿಸಿದಾಗ ಕಣ್ಣು ಕತ್ತಲಿಗೆ ಹೊಂದಿಕೊಂಡಿತ್ತು. ಕುಣಿದು ಮುಗಿಸಿದ ನಟಿ ಬಗ್ಗಿ, ಗೆಜ್ಜೆ ಸದ್ದಾಗಬಾರದು ಅಂತ ಎರಡೂ ಕಾಲಿನ ಗೆಜ್ಜೆಯನ್ನು ಕೈಯಿಂದ ಅದುಮಿ ಹಿಡಿದುಕೊಂಡು, ಹಾಗೇ ಬಗ್ಗಿಕೊಂಡೇ ಒಳಗೆ ಹೋದರು. ನಮ್ಮ ಸಾಲಿನವರಿಗೆ ಮಾತ್ರ ಕಂಡಿರಬೇಕು. ಟೆಂಟಿನಲ್ಲಿ ಅಷ್ಟು ದೂರ ಕೂತು ನೋಡುತ್ತಿದ್ದ ನನಗೆ ಇದು ಹೊಸದು. ನಾಟಕದ ಕಥೆಗಿಂತ ಜಾಸ್ತಿ ಅದೇ ನೆನಪಾಗುತ್ತಿದೆ. ರಾತ್ರಿ ಅಜ್ಜಿಗೆ ಫೋನ್ ಮಾಡಿ ಹೇಳಿದೆ. ‘ಗೆಜ್ಜಿ ಹಿಡ್ಕೊಂಡು ಹೋದಳಾ?’ ಅಂತ ಅಜ್ಜಿ ಮೂರು ಸಲ ಕೇಳಿದರು.

ಟಿಕೆಟ್ 100, ಆಮೇಲೆ ನಾವೆಲ್ಲ ಚಹಾ, ಬೋಂಡಾ ತಿಂದೆವು, ನನ್ನ ಪಾಲು 30. ಇನ್ನು 100 ರೂಪಾಯಿ ಉಳಿದಿದೆ. ಅದನ್ನು ಮುಂದಿನ ಭಾನುವಾರಕ್ಕೆ ಪುಸ್ತಕದೊಳಗೆ ಇಟ್ಟಿದ್ದೇನೆ. ಅಣ್ಣಾ, ನಿಮ್ಮ ತಂಡದ ನಾಟಕ ಯಾವಾಗ? ಈ ಸಲ ಹಾಸ್ಟೆಲಿನಿಂದ ಆರು ಜನ ಬರುತ್ತೇವೆ, ಚೀಟಿಗೆ ಬರೆಯಲು ದಿನಾಂಕ ಬೇಕು.