ಭಾನುವಾರದ ಪ್ರಶ್ನೋತ್ತರ: ಓಡುವವರ ನೋವು, ಫಿಸಿಯೋ ಉತ್ತರ

ಕೋಡಿಬಾಗ: ಮೇಡಂ, ಓಡಿದ ಮೇಲೆ ಮೊಣಕಾಲು ನೋವು. ಏನು ಮಾಡಲಿ?

ಫಿಸಿಯೋ: ಎರಡು ವಾರ ಅರ್ಧ ದೂರ ಓಡಿ. ತೊಡೆ, ಸೊಂಟದ ವ್ಯಾಯಾಮ ಮಾಡಿ. ಊದಿದ್ದರೆ ತೋರಿಸಿ.

ಶಿರಸಿ ತಾಯಿ: ನಮಸ್ಕಾರ ಮೇಡಂ. ಮಗಳಿಗೆ 19. ಬ್ರಿಟನ್ನಿನ ಮ್ಯಾರಥಾನ್ ಓಟಗಾರ್ತಿ ಪೌಲಾ ರಾಡ್‌ಕ್ಲಿಫ್ ವಿಡಿಯೋ ನೋಡಿ ದಿನಾ 15 ಕಿಲೋಮೀಟರ್ ಓಡುತ್ತಾಳೆ. ತಿಂಗಳಿಂದ ತೊಡೆಸಂದಿ ನೋವು, ರಾತ್ರಿ ಮಲಗಿದರೂ ಇರುತ್ತದೆ. ದಪ್ಪ ಆಗ್ತೇನೆ ಅಂತ ಅನ್ನ ಬಿಟ್ಟಿದ್ದಾಳೆ. ನಾಲ್ಕು ತಿಂಗಳಿಂದ ಮುಟ್ಟಾಗಿಲ್ಲ, ಅದಕ್ಕೂ ಇದಕ್ಕೂ ಸಂಬಂಧ ಇಲ್ಲ ಅಲ್ವಾ?

ಫಿಸಿಯೋ: ಇದೆ ಅಕ್ಕಾ, ಅದೇ ನನಗೆ ಹೆದರಿಕೆ. ಇವತ್ತಿನಿಂದ ಓಟ ಬಂದ್. ಓಟಕ್ಕೆ ತಕ್ಕ ಊಟ ಇಲ್ಲದಿದ್ದರೆ ಮುಟ್ಟು ನಿಲ್ಲುತ್ತದೆ, ಈಸ್ಟ್ರೋಜನ್ ಹಾರ್ಮೋನ್ ಇಳಿದು ಮೂಳೆ ಸೊರಗುತ್ತದೆ, ಅದರ ಮೇಲೆ ದಿನಾ 15 ಕಿಲೋಮೀಟರ್ ಕುಟ್ಟಿದರೆ ಕೂದಲೆಳೆಯಷ್ಟು ಬಿರುಕು ಬಿಡುತ್ತದೆ. ಸೊಂಟದ ಕೀಲಿನ ಹತ್ತಿರ ಬಿರುಕು ಬಿಟ್ಟಿದ್ದು ಹಾಗೇ ಓಡಿದರೆ ಮೂಳೆ ಪೂರ್ತಿ ಮುರಿಯಬಹುದು. ಶುರುವಿನಲ್ಲಿ ಎಕ್ಸ್‌ರೇಯಲ್ಲಿ ಕಾಣದೆಯೂ ಇರಬಹುದು, ಎಂಆರ್‌ಐ ಬೇಕಾ ಅಂತ ಕೇಳಿ. ನಾಳೆಯೇ ಮೂಳೆ ಡಾಕ್ಟರಿಗೆ ತೋರಿಸಿ. ಆ ಕಾಲಿಗೆ ಭಾರ ಬೇಡ. ಪೌಲಾ 2003ರಲ್ಲಿ ಲಂಡನ್ ಮ್ಯಾರಥಾನನ್ನು 2 ಗಂಟೆ 15 ನಿಮಿಷ 25 ಸೆಕೆಂಡಿನಲ್ಲಿ ಮುಗಿಸಿದವರು. 2008ರಲ್ಲಿ ಅವರ ತೊಡೆಮೂಳೆಯೂ ಬಿರುಕು ಬಿಟ್ಟಿತ್ತು, ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ 23ನೇ ಸ್ಥಾನ. ಅವರು ಊಟ ಬಿಟ್ಟಿದ್ದರು ಅಂತಲ್ಲ. ಆದರೆ ಮಗಳು ಆ ಓಟದ ವಿಡಿಯೋನೂ ನೋಡಲಿ.

ಕುಮಟಾ: ಎಕ್ಕದ ಎಲೆಗೆ ಎಳ್ಳೆಣ್ಣೆ ಸವರಿ ಬಿಸಿ ಮಾಡಿ ಕಟ್ಟಿ. ಮೂರೇ ದಿನದಲ್ಲಿ ಯಾವ ಮೂಳೆ ನೋವೂ ಮಾಯ. ಹತ್ತು ಜನಕ್ಕೆ ಕಳಿಸಿ 🙏

ಫಿಸಿಯೋ: ಎಲೆ ಕಟ್ಟಿದರೆ ಬಿರುಕು ಕೂಡುವುದಿಲ್ಲ. ಎಕ್ಕದ ಹಾಲು ಕಣ್ಣಿಗೆ ತಾಗಿದರೆ ಕಣ್ಣಿನ ಡಾಕ್ಟರೂ ಬೇಕಾಗುತ್ತಾರೆ. ಒಬ್ಬರಿಗೂ ಕಳಿಸಬೇಡಿ.

ಕುಮಟಾ: ನಮ್ಮಜ್ಜಿ ಇದನ್ನೇ ಕಟ್ಟುತ್ತಿದ್ದರು.

ಕಾರವಾರ: ಅಜ್ಜಿ 42 ಕಿಲೋಮೀಟರ್ ಓಡುತ್ತಿದ್ದರಾ ಮಾರಾಯಾ?

ಸಿದ್ದಾಪುರ: ದೇವಿಮನೆ ಘಾಟ್ ಇಳಿಯುವಾಗ ಕಾಲುಗುರು ಕಪ್ಪಾಗುತ್ತದೆ. ಯಾವ ಶೂ ಒಳ್ಳೇದು?

ಕುಮಟಾ: ಅಜ್ಜಿ ಸುದ್ದಿ ಬೇಡ. ನಿಮ್ಮ ಪೌಲಾ 2004ರಲ್ಲಿ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಓಟ ಬಿಟ್ಟು ರಸ್ತೆ ಬದಿ ಕೂತು ಅತ್ತವಳು.

ಕಾರವಾರ: ಅವರ 2003ರ ಮ್ಯಾರಥಾನ್ ದಾಖಲೆ ಮುರಿಯಲು ಜಗತ್ತಿಗೆ 16 ವರ್ಷ ಬೇಕಾಯ್ತು. ನೀವು ಮೊದಲು ಬಸ್‌ಸ್ಟ್ಯಾಂಡಿನ ತನಕ ಓಡಿ ತೋರಿಸಿ.

ಫಿಸಿಯೋ: ಜಗಳ ಬೇರೆ ಕಡೆ ಆಡಿ. ಅಥೆನ್ಸ್‌ಗೆ ಮುಂಚೆ ಕಾಲಿನ ಗಾಯಕ್ಕೆ ತಗೊಂಡ ಮಾತ್ರೆಯಿಂದ ಹೊಟ್ಟೆ ಕೆಟ್ಟಿತು ಅಂತ ಪೌಲಾ ಅವರೇ ಹೇಳಿದ್ದಾರೆ. ನೋವಿನ ಮಾತ್ರೆ ನುಂಗಿ ಓಡುವವರು ಇಲ್ಲೇ ಜಾಸ್ತಿ ಇದ್ದೀರಿ, ಗೊತ್ತಿದೆ.

ಅಂಕೋಲಾ: ಮೇಡಂ, ಮೊಣಕಾಲು ನೋವಿಗೆ?

ಫಿಸಿಯೋ: ಮೇಲೆ ಓದಿ.

ಶಿರಸಿ ತಾಯಿ: ಮೇಡಂ, ನಾಳೆ ಕಾಲೇಜಿನ ಓಟ ಅದೊಂದು ಮುಗಿಸಿ ಆಸ್ಪತ್ರೆಗೆ ಬರ್ತೇನೆ ಅಂತಾಳೆ.

ಫಿಸಿಯೋ: ಬೇಡ. ಶೂ ಬಚ್ಚಿಡಿ. ಫೋನ್ ಅವಳ ಕೈಗೆ ಕೊಡಿ, ಈಗಲೇ ಮಾಡ್ತೇನೆ.